ಪಾಸಾದರೂ ಮತ್ತೆ ಬರೆಯಬೇಕೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ, ಬಿಎಸ್ಸಿ ನರ್ಸಿಂಗ್ ಓದಬೇಕೆಂದಿರುವ ಮಕ್ಕಳ ಮನೆಯಲ್ಲಿ ಒಂದೇ ಚರ್ಚೆ. ಕೆಮಿಸ್ಟ್ರಿಯಲ್ಲಿ ಹೇಗೋ ದಡ ಸೇರಿದ್ದಾಯಿತು. ಮತ್ತೆ ಬರೆಸುವುದೋ, ಬೇಡವೋ? ಸೋದರಮಾವನಿಂದ ಹಿಡಿದು ಟ್ಯೂಷನ್ ಮೇಷ್ಟ್ರವರೆಗೆ ಎಲ್ಲರ ಬಳಿಯೂ ಉತ್ತರವಿದೆ. ಅವುಗಳಲ್ಲಿ ಕೆಲವನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ಪಾಸಾದ ಮೇಲೆ ಚಿಂತೆ ಏಕೆ?

ಸತ್ಯ: ಪಾಸಾಗುವುದು ಬೇರೆ, ಅರ್ಹರಾಗುವುದು ಬೇರೆ. ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ 45 ಅಂಕ ಬೇಕು, ಅಂದರೆ 300ಕ್ಕೆ 135. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40, ಅಂದರೆ 120. ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಒಬ್ಬಳಿಗೆ ಭೌತಶಾಸ್ತ್ರದಲ್ಲಿ 40, ರಸಾಯನಶಾಸ್ತ್ರದಲ್ಲಿ 38, ಜೀವಶಾಸ್ತ್ರದಲ್ಲಿ 55 ಬಂದಿದೆ ಎನ್ನೋಣ. ಮೂರರಲ್ಲೂ ಪಾಸು, ಆದರೆ ಮೊತ್ತ 133. ಸಾಮಾನ್ಯ ವರ್ಗದವಳಾದರೆ ಎರಡೇ ಅಂಕಕ್ಕೆ ಬಾಗಿಲು ಮುಚ್ಚಿತು. ಕನ್ನಡದಲ್ಲಿ 95 ಬಂದಿದ್ದರೂ ಈ ಲೆಕ್ಕಕ್ಕೆ ಸೇರುವುದಿಲ್ಲ.

ತಪ್ಪು ಕಲ್ಪನೆ: ಮತ್ತೆ ಬರೆದು ಕಡಿಮೆ ಬಂದರೆ ಇದ್ದದ್ದೂ ಹೋಗುತ್ತದೆ.

ಸತ್ಯ: ಇದು ಹಳೆಯ ಭಯ. 2024ರಲ್ಲಿ ರಾಜ್ಯದಲ್ಲಿ 'ಪೂರಕ ಪರೀಕ್ಷೆ' ಎಂಬ ಹೆಸರೇ ಹೋಗಿ ಪರೀಕ್ಷೆ 1, 2, 3 ಬಂದವು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಕಳೆದುಕೊಳ್ಳುವುದು ಕೆಲವು ವಾರದ ನಿದ್ದೆ ಮಾತ್ರ.

ತಪ್ಪು ಕಲ್ಪನೆ: ಅತಿ ಕಡಿಮೆ ಅಂಕ ಬಂದ ವಿಷಯವನ್ನೇ ಬರೆಯಬೇಕು.

ಸತ್ಯ: ಲೆಕ್ಕಕ್ಕೆ ಬರುವುದು ಮೂರರ ಮೊತ್ತ. ಹಾಗಾಗಿ ಇರುವ ಸಮಯದಲ್ಲಿ ಯಾವುದರಲ್ಲಿ ಬೇಗ ಏರಬಲ್ಲಿರೋ ಅದನ್ನು ಆರಿಸಿ. ಭೌತಶಾಸ್ತ್ರದ ಜೊತೆ ಗುದ್ದಾಡಿ ಎರಡು ಅಂಕ ಗಳಿಸುವವರು ಜೀವಶಾಸ್ತ್ರದಲ್ಲಿ ಹತ್ತು ಏರಬಹುದು.

ತಪ್ಪು ಕಲ್ಪನೆ: ನರ್ಸ್‌ಗೆ ಸೇವಾ ಮನೋಭಾವ ಸಾಕು, ಕೆಮಿಸ್ಟ್ರಿ-ಫಿಸಿಕ್ಸ್ ಏಕೆ?

ಸತ್ಯ: ದೊಡ್ಡ ತಪ್ಪು ಇದೇ. ವಾರ್ಡಿನಲ್ಲಿ ತೂಗುವ ನಾರ್ಮಲ್ ಸಲೈನ್ ಬಾಟಲಿಯನ್ನೇ ನೋಡಿ. ಅದರ ಮೇಲೆ 0.9% ಎಂದಿರುತ್ತದೆ: 100 ಮಿ.ಲೀ. ದ್ರಾವಣಕ್ಕೆ 0.9 ಗ್ರಾಂ ಉಪ್ಪು, 500 ಮಿ.ಲೀ. ಬಾಟಲಿಗೆ ನಾಲ್ಕೂವರೆ ಗ್ರಾಂ. ಅದರ ಬದಲು ಬರೀ ಶುದ್ಧ ನೀರನ್ನು ರಕ್ತನಾಳಕ್ಕೆ ಬಿಟ್ಟರೆ ಕೆಂಪು ರಕ್ತಕಣಗಳು ನೀರು ಹೀರಿ ಒಡೆಯುತ್ತವೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಆಸ್ಮಾಸಿಸ್ ಇದೇ. ಬಾಟಲಿಯನ್ನು ಎತ್ತರಕ್ಕೆ ತೂಗುಹಾಕುವುದು ಫಿಸಿಕ್ಸ್‌ನ ಒತ್ತಡದ ಪಾಠ. ಇನ್ನು, 500 ಮಿ.ಲೀ. ದ್ರವ ಎಂಟು ಗಂಟೆಯಲ್ಲಿ ಹೋಗಬೇಕು, ಮಿ.ಲೀ.ಗೆ 20 ಹನಿ ಬೀಳುವ ಸೆಟ್ ಇದೆ ಎಂದರೆ ನಿಮಿಷಕ್ಕೆ ಸುಮಾರು 21 ಹನಿ. ಈ ಲೆಕ್ಕ ನಡುರಾತ್ರಿಯಲ್ಲೂ ತಪ್ಪಬಾರದು. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡನ್ನು ದ್ರವದಲ್ಲಿ ಬೆರೆಸದೆ ನೇರ ಚುಚ್ಚಿದರೆ ಹೃದಯವೇ ನಿಲ್ಲಬಹುದು. 'ಸಾಂದ್ರತೆ' ಎಂಬ ಪದ ಅರ್ಥವಾಗದ ಕೈಗೆ ಸೇವಾ ಮನೋಭಾವವೊಂದೇ ಆಸರೆಯಾಗದು.

ತಪ್ಪು ಕಲ್ಪನೆ: ಸೀಟು ಸಿಕ್ಕರೆ ವಿಜ್ಞಾನದ ಕಾಟ ಮುಗಿಯಿತು.

ಸತ್ಯ: ಅಲ್ಲಿಂದಲೇ ಶುರು. ಭಾರತೀಯ ನರ್ಸಿಂಗ್ ಪರಿಷತ್ತಿನ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಮೊದಲ ಸೆಮಿಸ್ಟರ್‌ಗೇ ಅನಾಟಮಿ, ಫಿಸಿಯಾಲಜಿ, ಎರಡನೆಯದಕ್ಕೆ ಬಯೋಕೆಮಿಸ್ಟ್ರಿ, ಮೂರನೆಯದಕ್ಕೆ ಮೈಕ್ರೋಬಯಾಲಜಿ, ಫಾರ್ಮಕಾಲಜಿ. ಇವುಗಳಲ್ಲಿ ಪಾಸಾಗಲು ಶೇ 50 ಬೇಕು. ಹಾಗೆಂದು ಒಂದು ವಿಷಯ ಹೋದರೆ ವರ್ಷವೇ ಹೋಯಿತು ಎಂಬುದೂ ಸುಳ್ಳು. ಮುಂದಿನ ಸೆಮಿಸ್ಟರ್ ತರಗತಿಗೆ ಕೂರಬಹುದು. ಆದರೆ ಐದನೇ ಸೆಮಿಸ್ಟರ್ ಪರೀಕ್ಷೆಗೆ ಮೊದಲು ಹಿಂದಿನ ಬಾಕಿಯೆಲ್ಲ ತೀರಿರಬೇಕು.

ತಪ್ಪು ಕಲ್ಪನೆ: 135 ಮುಟ್ಟದಿದ್ದರೆ ನರ್ಸಿಂಗ್ ಆಸೆಯನ್ನೇ ಬಿಡಬೇಕು.

ಸತ್ಯ: ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಇದೆ. ಪಿಯುಸಿಯಲ್ಲಿ ಇಂಗ್ಲಿಷ್ ಸಹಿತ ಶೇ 40 ಇದ್ದರೆ ಕಲಾ ವಿಭಾಗದವರೂ ಸೇರಬಹುದು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿ ಪದವಿಯನ್ನೂ ಪಡೆಯಬಹುದು. ಜಿಎನ್‌ಎಂನಲ್ಲಿಯೂ ಅನಾಟಮಿ, ಫಿಸಿಯಾಲಜಿ ತಪ್ಪಿದ್ದಲ್ಲ.

ಹಾಗಾದರೆ ಬರೆಯಬೇಕೆ, ಬೇಡವೆ? ಮೂರು ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಕೂಡಿಸಿ. ಗಡಿಗಿಂತ ಸ್ವಲ್ಪ ಕೆಳಗಿದ್ದರೆ ಮರುಮಾತಿಲ್ಲದೆ ಬರೆಯಿರಿ. ಬಹಳ ಕೆಳಗಿದ್ದು, ಪಾಠವೂ ತಲೆಗೆ ಹತ್ತಿಲ್ಲವೆಂದರೆ ಒಂದು ತಿಂಗಳ ಕ್ರ್ಯಾಶ್ ಕೋರ್ಸ್ ನಂಬಬೇಡಿ. ನಿಧಾನವಾಗಿ ಓದಿ ಮುಂದಿನ ವರ್ಷ ಬರೆಯಿರಿ, ಇಲ್ಲವೇ ಜಿಎನ್‌ಎಂ ಸೇರಿ. ಗಡಿ ದಾಟಿಯೂ ಪಾಠ ಅರ್ಥವಾಗಿಲ್ಲ ಎನಿಸಿದರೆ ಪರೀಕ್ಷೆ ಬೇಡ, ಪುಸ್ತಕ ಬೇಕು. ಕಾಲೇಜು ತೆರೆಯುವವರೆಗೆ ದ್ರಾವಣ, ಜೀವಕೋಶ, ರಕ್ತಪರಿಚಲನೆಯ ಅಧ್ಯಾಯಗಳನ್ನು ಇನ್ನೊಮ್ಮೆ ಓದಿ. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರವೇಶ ಪ್ರಕಟಣೆಯನ್ನು ನೀವೇ ಓದಿ. ನೆಂಟರ ಮಾತು ನಂಬಿ ಅರ್ಜಿ ತುಂಬಬೇಡಿ.