ಫ್ಲೋಟಿನ ಸದ್ದು ಬಲ್ಲ ಕಿವಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದೆ, ಒಂದೇ ಕಾರು ಹಿಡಿಸುವ ಶೆಡ್ಡಿನಲ್ಲಿ ಹಳೆಯ ಅಂಬಾಸಿಡರುಗಳ ರಿಪೇರಿ ನಡೆಯುತ್ತದೆ. ಇಲ್ಲಿನ ಮೇಸ್ತ್ರಿ ಕಾರ್ಬುರೇಟರಿನ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಕಾಯಿಲೆ ಹೇಳುತ್ತಾರೆಂದು ಕೇಳಿದ್ದೆ. ಅದನ್ನು ನೋಡಲೆಂದೇ ಹೋದೆ.

ಅಂದು ಬಂದಿದ್ದ ಗಾಡಿ ಕರಿ ಹೊಗೆ ಕಾರುತ್ತಿತ್ತು, ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಮುಖಕ್ಕೆ ರಾಚುತ್ತಿತ್ತು. ಹೊಸ ಕಾರ್ಬುರೇಟರ್ ಹಾಕಿಸುವ ಯೋಚನೆ ಮಾಲೀಕರದು. "ತಡೀರಿ ಸಾರ್, ಪೆಟ್ರೋಲ್ ಚೆಲ್ಲೋದು ಓಡುವಾಗಲೋ, ಆಫ್ ಮಾಡಿದ ಮೇಲೋ?" ಎಂದು ಮೇಸ್ತ್ರಿ ಕೇಳಿದರು. ಬಿಸಿಲಲ್ಲಿ ಓಡಿಸಿ ನಿಲ್ಲಿಸಿದ ಮೇಲಷ್ಟೇ ಚೆಲ್ಲಿದರೆ, ಎಂಜಿನ್ನಿನ ಕಾವಿಗೆ ಪೆಟ್ರೋಲ್ ಕುದಿದು ಉಕ್ಕಿರಬಹುದು. ಈ ಗಾಡಿ ನಿಂತಲ್ಲೇ ಓಡುವಾಗಲೂ ಚೆಲ್ಲುತ್ತಿತ್ತು.

ಪ್ಲಗ್ ಬಿಚ್ಚಿದರು, ಕಪ್ಪಗೆ ಒದ್ದೆಯಾಗಿತ್ತು. ಚೋಕ್ ಸಿಕ್ಕಿಕೊಂಡಿದ್ದರೂ ಪ್ಲಗ್ ಹೀಗೇ ಆಗುತ್ತದೆ, ಆದರೆ ಚೋಕ್ ಸರಿಯಿತ್ತು. ಆಮೇಲೆ ಪಂಪಿನಿಂದ ಬರುವ ಪೈಪ್ ಕಳಚಿ, ಅದರ ಬಾಯನ್ನು ದೂರದ ಡಬ್ಬಿಗೆ ಬಿಟ್ಟು, ಫ್ಲೋಟ್ ಚೇಂಬರಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಎಂಜಿನ್ ಓಡಿಸಿದರು. ಮುಗ್ಗರಿಸುತ್ತಿದ್ದ ಎಂಜಿನ್, ಪೆಟ್ರೋಲ್ ಮಟ್ಟ ಇಳಿಯುತ್ತಿದ್ದಂತೆ ಸ್ವಲ್ಪ ಹೊತ್ತು ಹದವಾಗಿ ಓಡಿ ನಿಂತಿತು. ಚೇಂಬರ್ ಅಳತೆ ಮೀರಿ ತುಂಬುತ್ತಿದೆ ಎಂಬುದು ಖಚಿತವಾಯಿತು.

ಮನೆಯ ಮೇಲಿನ ನೀರಿನ ಟ್ಯಾಂಕಿನ ಚೆಂಡಿನಂತೆಯೇ ಫ್ಲೋಟಿನ ಕೆಲಸ. ಪೆಟ್ರೋಲ್ ಏರಿದಂತೆ ತೇಲಿ, ಸಣ್ಣ ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ. ಮೇಸ್ತ್ರಿ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ, ಫ್ಲೋಟನ್ನು ಒರೆಸಿ, ಕಣ್ಣು ಮುಚ್ಚಿ ಕಿವಿಯ ಬಳಿ ಅಲ್ಲಾಡಿಸಿದರು. ತೂತಾಗಿದ್ದರೆ ಒಳಗೆ ಸೇರಿದ ಪೆಟ್ರೋಲ್ ಕುಲುಕುತ್ತದೆ. ರಸ್ತೆಯ ಗದ್ದಲದಲ್ಲೂ ಒಂದೆರಡು ಹನಿಯ ಸದ್ದು ಅವರಿಗೆ ತಿಳಿಯುತ್ತದಂತೆ. ಹಿತ್ತಾಳೆಯ ಹಳೆಯ ಫ್ಲೋಟಾದರೆ ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದ ಕಡೆ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಹೋಗುವವರೆಗೆ ಬೆಸುಗೆಯ ಮಾತೇ ಇಲ್ಲ. ಬೆಸುಗೆಯೂ ತೆಳುವಾಗಿರಬೇಕು, ಇಲ್ಲದಿದ್ದರೆ ಫ್ಲೋಟ್ ಭಾರವಾಗಿ ಮಟ್ಟ ಮತ್ತೆ ಏರುತ್ತದೆ. ಇಷ್ಟು ಸೂಕ್ಷ್ಮದ ಲೆಕ್ಕವನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಈ ಫ್ಲೋಟ್ ಮೌನವಾಗಿತ್ತು. ಮುಚ್ಚಳವನ್ನು ಬೋರಲು ಹಿಡಿದು, ಫ್ಲೋಟಿನ ಭಾರಕ್ಕೆ ನೀಡಲ್ ಮುಚ್ಚಿಕೊಂಡಿರುವಾಗ ಪೈಪಿನ ಬಾಯಿಂದ ಊದಿದರು. ಗಾಳಿ ಸುಯ್ಯೆಂದು ನುಸುಳಿತು. ನೀಡಲಿನ ತುದಿಯಲ್ಲಿ ಉಂಗುರದಂತೆ ಸವೆದ ಗೆರೆ, ಚೇಂಬರಿನ ತಳದಲ್ಲಿ ಕಂದು ತುಕ್ಕಿನ ಪುಡಿ. ನೀಡಲ್ ಮತ್ತು ಅದರ ಸೀಟು ಎರಡನ್ನೂ ಜೊತೆಗೇ ಬದಲಿಸಿ, ಫ್ಲೋಟಿನ ಎತ್ತರ ಸರಿಮಾಡಿದರು. ಇಷ್ಟಾದರೂ ಉಕ್ಕಿದರೆ ಪಂಪಿನ ಒತ್ತಡದ ಮೇಲೆ ಅನುಮಾನ ಪಡಬೇಕು.

ಇದು ಎಸ್.ಯು. ಕಾರ್ಬುರೇಟರ್. ಇಂಗ್ಲೆಂಡಿನ ಪಾದರಕ್ಷೆ ವ್ಯಾಪಾರದ ಸ್ಕಿನ್ನರ್ ಮನೆತನದವರು ಕಳೆದ ಶತಮಾನದ ಮೊದಲಲ್ಲಿ ರೂಪಿಸಿದ್ದು. ಆರಂಭದ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು. ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದುಸ್ತಾನ್ ಮೋಟರ್ಸ್ ಉತ್ತರಪಾರಾದಲ್ಲಿ ಕಟ್ಟಿದ ಅಂಬಾಸಿಡರಿನಲ್ಲಿ ಅದು ನಮ್ಮ ರಸ್ತೆಗಿಳಿಯಿತು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು.

ತುಕ್ಕಿನ ಪುಡಿ ಮೇಸ್ತ್ರಿಯನ್ನು ಹೆಚ್ಚು ಚಿಂತೆಗೀಡುಮಾಡಿತು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಕಬ್ಬಿಣದ ಟ್ಯಾಂಕಿಗೆ ಇದು ಒಳ್ಳೆಯದಲ್ಲ. ಎಥನಾಲ್ ಕಡಿಮೆಯಿರುವ ಪೆಟ್ರೋಲ್ ಊರಿಗೊಂದು ಬಂಕಿನಲ್ಲಾದರೂ ಕೈಗೆಟುಕುವ ಬೆಲೆಗೆ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶೆಡ್ಡಿನ ಹುಡುಗ ಪೈಪಿಗೆ ಹೊಸ ಫಿಲ್ಟರ್ ಕೂರಿಸಿದ. ಸಂಜೆ ಹೊತ್ತು ಬೇರೊಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಕೆಲಸ ಕಲಿಯುತ್ತಿದ್ದಾನೆ, ಮುಂದಿನ ವರ್ಷ ಅಲ್ಲಿಗೇ ಸೇರುತ್ತಾನೆ. ಹೋಗು ಎಂದು ಹೇಳಿದವರು ಮೇಸ್ತ್ರಿಯೇ. ಅಲ್ಲಿಯವರೆಗೆ ಬಿಚ್ಚಿದ ಪ್ರತಿಯೊಂದು ಫ್ಲೋಟನ್ನೂ ಮೊದಲು ಅವನ ಕೈಗೇ ಕೊಡುತ್ತಿದ್ದಾರೆ.