ಘರ್ಷಣೆ: ಹಿಡಿದು ನಿಲ್ಲಿಸುವ ಬಲ, ಮುಂದೆ ನಡೆಸುವ ಬಲ

ಒಂದಕ್ಕೊಂದು ತಾಗಿಕೊಂಡಿರುವ ಎರಡು ವಸ್ತುಗಳಲ್ಲಿ ಒಂದು ಇನ್ನೊಂದರ ಮೇಲೆ ಜರುಗಲು ಹೊರಟಾಗ, ಆ ಜರುಗುವಿಕೆಗೆ ಎದುರಾಗಿ ಹುಟ್ಟುವ ಬಲವೇ ಘರ್ಷಣೆ. ಶಾಲೆಯ ಪಾಠದಲ್ಲಿ ಅದು ಹೆಚ್ಚಾಗಿ ಚಲನೆಯ ವೈರಿಯಾಗಿ ಬರುತ್ತದೆ. ಯಂತ್ರವನ್ನು ಸವೆಸುವುದು, ಬಿಸಿ ಮಾಡುವುದು, ಇಂಧನ ನುಂಗುವುದು ಅದರ ಕೆಲಸವೆಂದು ಮಕ್ಕಳು ಕಲಿಯುತ್ತಾರೆ. ಅದು ಸುಳ್ಳಲ್ಲ, ಅರ್ಧ ಮಾತು. ನಡೆಯುವವರ ಕಾಲು ನೆಲವನ್ನು ಹಿಂದಕ್ಕೆ ಒತ್ತಿದಾಗ ಅವರನ್ನು ಮುಂದಕ್ಕೆ ದೂಡುವುದೂ ಇದೇ ಬಲ. ಚೆನ್ನೈನ ಮರೀನಾ ಕಡಲತೀರದ ಒಣಮರಳಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಈ ನೆರವಿಗೆ ಎಷ್ಟು ಬೆಲೆಯಿದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಅಲ್ಲಿ ಮರಳಿನ ಕಾಳುಗಳು ಒಂದರ ಮೇಲೊಂದು ಜಾರಿ ಹೆಜ್ಜೆಯ ಬಲ ವ್ಯರ್ಥವಾಗುತ್ತದೆ. ಅಲೆ ಬಂದು ನೆನೆಸಿದ ಜಾಗದಲ್ಲಿ ಕಾಳುಗಳ ನಡುವಿನ ತೆಳುನೀರು ಅವುಗಳನ್ನು ಬಿಗಿಹಿಡಿಯುವುದರಿಂದ ನಡಿಗೆ ಮತ್ತೆ ಸಲೀಸಾಗುತ್ತದೆ.

ಘರ್ಷಣೆಯ ನಿಯಮಗಳನ್ನು ಮೊದಲು ಗುರುತಿಸಿದವನು ಲಿಯೊನಾರ್ಡೊ ಡ ವಿಂಚಿ. 15ನೇ ಶತಮಾನದ ಕೊನೆಯ ಅವನ ಟಿಪ್ಪಣಿಗಳಲ್ಲಿ ಹಲಗೆಯ ಮೇಲೆ ಎಳೆಯುವ ಮರದ ತುಂಡುಗಳ ಚಿತ್ರಗಳಿವೆ. ಆ ಟಿಪ್ಪಣಿಗಳು ಬೆಳಕಿಗೆ ಬರದೆ ಉಳಿದವು. 1699ರಲ್ಲಿ ಫ್ರಾನ್ಸಿನ ಗೀಯೋಮ್ ಅಮೊಂತೊ ಆ ನಿಯಮಗಳನ್ನೇ ಮತ್ತೆ ಕಂಡುಕೊಂಡ. ಘರ್ಷಣೆ ಎರಡು ವಸ್ತುಗಳನ್ನು ಒತ್ತಿಹಿಡಿದ ಭಾರಕ್ಕೆ ತಕ್ಕಂತೆ ಏರುತ್ತದೆ, ತಾಗಿದ ಜಾಗ ಅಗಲವೋ ಕಿರಿದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇಟ್ಟಿಗೆಯನ್ನು ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಬೇಕಾಗುವ ಬಲ ಹೆಚ್ಚುಕಡಿಮೆ ಒಂದೇ. ಮುಂದಿನ ಶತಮಾನದಲ್ಲಿ ಕುಲಂಬ್ ಎಂಬ ವಿಜ್ಞಾನಿ ಈ ನಿಯಮಗಳನ್ನು ವಿಸ್ತಾರವಾಗಿ ಪರೀಕ್ಷಿಸಿ, ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲಕ್ಕೂ ಕದಲಿದ ಮೇಲೆ ಎಳೆಯುತ್ತಿರಲು ಬೇಕಾದ ಬಲಕ್ಕೂ ಇರುವ ವ್ಯತ್ಯಾಸವನ್ನು ಅಳೆದ. ಮೊದಲನೆಯದು ಸ್ಥಾಯಿ ಘರ್ಷಣೆ, ಎರಡನೆಯದು ಜಾರು ಘರ್ಷಣೆ. ಸಾಮಾನ್ಯವಾಗಿ ಮೊದಲನೆಯದೇ ದೊಡ್ಡದು. ತುಂಬಿದ ಬೀರುವನ್ನು ತಳ್ಳಿದವರಿಗೆಲ್ಲ ಇದು ಅನುಭವದಿಂದ ಗೊತ್ತು. ಘರ್ಷಣೆಯ ಬಗ್ಗೆ ತಿಳಿಯಬೇಕಾದ ಸಂಗತಿಗಳಲ್ಲಿ ಅತಿ ಮುಖ್ಯವಾದದ್ದು ಈ ಸಣ್ಣ ವ್ಯತ್ಯಾಸವೇ. ದಿನನಿತ್ಯದ ಸುರಕ್ಷತೆ ಬಹುಪಾಲು ನಿಂತಿರುವುದು ಸ್ಥಾಯಿ ಹಿಡಿತ ಕಳಚದಂತೆ ನೋಡಿಕೊಳ್ಳುವುದರ ಮೇಲೆ.

ತಾಗಿದ ಜಾಗ ಏಕೆ ಲೆಕ್ಕಕ್ಕೆ ಬರುವುದಿಲ್ಲ ಎಂಬ ಒಗಟು ಬಿಡಿಸಿದ್ದು 20ನೇ ಶತಮಾನದಲ್ಲಿ, ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು. ಕನ್ನಡಿಯಂತೆ ಹೊಳೆಯುವ ಲೋಹದ ಮೈಯೂ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗುಗಳ ರಾಶಿ. ಎರಡು ಮೈಗಳು ನಿಜವಾಗಿ ಮುಟ್ಟುವುದು ಆ ಉಬ್ಬುಗಳ ತುದಿಯಲ್ಲಿ ಮಾತ್ರ. ಕಣ್ಣಿಗೆ ಕಾಣುವ ಜಾಗದಲ್ಲಿ ಅದು ಅತ್ಯಲ್ಪ ಪಾಲು. ಭಾರ ಹೆಚ್ಚಿದಂತೆ ತುದಿಗಳು ಚಪ್ಪಟೆಯಾಗಿ ನಿಜವಾದ ಸ್ಪರ್ಶ ಹಿಗ್ಗುತ್ತದೆ, ಅದರೊಂದಿಗೆ ಘರ್ಷಣೆಯೂ ಹಿಗ್ಗುತ್ತದೆ. ಆ ತುದಿಗಳಲ್ಲಿ ಅಣುಗಳು ಅಣುಗಳಿಗೆ ಅಂಟಿಕೊಳ್ಳುತ್ತವೆ. ವಸ್ತು ಜರುಗಬೇಕಾದರೆ ಆ ಅಂಟು ಹರಿಯಬೇಕು.

ಸ್ಥಾಯಿ ಘರ್ಷಣೆಯ ಬಲ ಎಷ್ಟೆಂದು ಕಣ್ಣಾರೆ ಕಾಣಬೇಕಾದರೆ ಚೆನ್ನೈನಿಂದ ಕಡಲದಂಡೆಯ ರಸ್ತೆ ಹಿಡಿದು ದಕ್ಷಿಣಕ್ಕೆ ಮಾಮಲ್ಲಪುರಕ್ಕೆ ಹೋಗಬೇಕು. ಅಲ್ಲಿನ ಬಂಡೆಯ ಇಳಿಜಾರಿನಲ್ಲಿ ‘ಕೃಷ್ಣನ ಬೆಣ್ಣೆ ಉಂಡೆ’ ಎಂಬ ಗುಂಡುಕಲ್ಲು ಕುಳಿತಿದೆ. ಎತ್ತರ ಸುಮಾರು 6 ಮೀಟರ್, ಅಂದಾಜು ತೂಕ 250 ಟನ್. ಈಗಲೋ ಆಗಲೋ ಉರುಳೀತು ಎನ್ನಿಸುವ ಆ ಕಲ್ಲಿನ ನೆರಳಲ್ಲಿ ಜನ ನೆಮ್ಮದಿಯಿಂದ ಕೂರುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಭಾರತದ ಪ್ರಧಾನಿ ಮತ್ತು ಚೀನಾದ ಅಧ್ಯಕ್ಷರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡಿದ್ದರು. ಆ ಕಲ್ಲನ್ನು ಯಾರೂ ತಂದು ಇಟ್ಟದ್ದಲ್ಲ. ಗಾಳಿ, ಮಳೆ, ಬಿಸಿಲಿಗೆ ಸುತ್ತಲಿನ ಬಂಡೆ ಸವೆದು ಉಳಿದ ಗಟ್ಟಿ ಭಾಗವದು.

ಅದು ಉರುಳದಿರಲು ಕಾರಣ ಎರಡು. ಕಲ್ಲಿನ ಭಾರದ ನೇರಗೆರೆ ಅದು ಊರಿರುವ ತಳದೊಳಗೇ ಇಳಿಯುತ್ತದೆ, ಹಾಗಾಗಿ ಮಗುಚುವುದಿಲ್ಲ. ಕಲ್ಲಿಗೂ ಬಂಡೆಗೂ ನಡುವಿನ ಘರ್ಷಣೆ ಇಳಿಜಾರಿನ ಸೆಳೆತಕ್ಕಿಂತ ಹೆಚ್ಚು, ಹಾಗಾಗಿ ಜಾರುವುದಿಲ್ಲ. ಒರಟು ಕಲ್ಲು ಕಲ್ಲಿನ ಮೇಲಿದ್ದಾಗ ಘರ್ಷಣಾಂಕ, ಅಂದರೆ ಒತ್ತಿಹಿಡಿದ ಭಾರಕ್ಕೆ ಘರ್ಷಣೆಯ ಅನುಪಾತ, ಸುಮಾರು 0.6 ಎಂದಿಟ್ಟುಕೊಂಡರೆ, ಇಳಿಜಾರು ಹೆಚ್ಚುಕಡಿಮೆ 31 ಡಿಗ್ರಿ ಮೀರುವ ತನಕ ಕಲ್ಲು ಜಾರದು. ಸೋಜಿಗವೆಂದರೆ ಈ ಲೆಕ್ಕದಲ್ಲಿ ತೂಕಕ್ಕೆ ಜಾಗವೇ ಇಲ್ಲ. ಭಾರ ಹೆಚ್ಚಿದರೆ ಸೆಳೆತವೂ ಹಿಡಿತವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. 1908ರಲ್ಲಿ ಮದರಾಸಿನ ಗವರ್ನರ್ ಆರ್ಥರ್ ಲಾಲಿ ಏಳು ಆನೆಗಳಿಂದ ಈ ಕಲ್ಲನ್ನು ಎಳೆಸಿ ಸೋತನೆಂಬ ಕಥೆ ಊರಲ್ಲಿ ಬಳಕೆಯಲ್ಲಿದೆ. ಅದು ನಡೆದಿದ್ದರೆ ಆನೆಗಳ ಸೋಲಿಗೂ ಘರ್ಷಣೆಯೇ ಕಾರಣ ಹೇಳಬಲ್ಲದು. ಆನೆಗೆ ತಲಾ 4 ಟನ್ ಎಂದರೂ ಏಳರ ತೂಕ 28 ಟನ್. ನೆಲದ ಮೇಲೆ ಅವುಗಳ ಪಾದಕ್ಕೆ ಸಿಗುವ ಹಿಡಿತ ಆ ತೂಕದ ಒಂದು ಪಾಲು ಮಾತ್ರ. ಅದನ್ನು ಮೀರಿ ಎಳೆದರೆ ಕಲ್ಲು ಕದಲುವ ಮೊದಲು ಆನೆಯ ಕಾಲೇ ಜಾರುತ್ತದೆ.

ರಸ್ತೆಯ ಮೇಲೆ ಇದೇ ನಿಯಮ ಜೀವ ಉಳಿಸುತ್ತದೆ. ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿದ ಭಾಗ ಆ ಕ್ಷಣಕ್ಕೆ ನೆಲದ ಮೇಲೆ ನಿಂತೇ ಇರುತ್ತದೆ, ಜಾರುವುದಿಲ್ಲ. ಅಂದರೆ ಓಡುವ ವಾಹನವನ್ನು ಹಿಡಿದಿರುವುದೂ ಸ್ಥಾಯಿ ಘರ್ಷಣೆಯೇ. ಚೆನ್ನೈ ಈ ವಿದ್ಯೆಯಲ್ಲಿ ಪಳಗಿದ ಊರು. 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ತಿರುವೊಟ್ಟಿಯೂರಿನಲ್ಲಿ ಆಟಿಕೆ ಬಲೂನು ತಯಾರಿಸಲು ತೆರೆದ ಸಣ್ಣ ಘಟಕವೇ ಮುಂದೆ ಟೈರು ಕಂಪನಿ ಎಂ.ಆರ್.ಎಫ್. ಆಯಿತು. ಪಾಡಿಯಲ್ಲಿ 1962ರಲ್ಲಿ ಹುಟ್ಟಿದ ಬ್ರೇಕ್ಸ್ ಇಂಡಿಯಾ ವಾಹನಗಳಿಗೆ ಬ್ರೇಕು ತಯಾರಿಸುತ್ತದೆ. ರಬ್ಬರು ಮೆತ್ತಗಿರುವುದರಿಂದ ರಸ್ತೆಯ ಒರಟುತನದೊಳಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಅಮೊಂತೊನ ನಿಯಮಕ್ಕೆ ಅದು ಪೂರ್ತಿ ಬದ್ಧವಲ್ಲ, ಅಗಲ ಟೈರಿನಿಂದ ಅಲ್ಲಿ ಪ್ರಯೋಜನವಿದೆ.

ಮಳೆ ಬಂದಾಗ ಲೆಕ್ಕ ಬದಲಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯಲ್ಲಿ, ಘರ್ಷಣಾಂಕ 0.7 ಇದ್ದಾಗ, ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರ್‌ನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಅದು 0.4ಕ್ಕೆ ಇಳಿದರೆ 35 ಮೀಟರ್ ಬೇಕು. ಬಹಳ ದಿನಗಳ ಬಿಸಿಲಿನ ನಂತರದ ಮೊದಲ ಹನಿಗಳು ಇನ್ನೂ ಅಪಾಯ. ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ಸ್ವಲ್ಪವೇ ನೀರಿನಲ್ಲಿ ಕಲಸಿ ಲೋಳೆಯಾಗುತ್ತವೆ. ಜೋರು ಮಳೆ ಅದನ್ನು ತೊಳೆದುಹಾಕುತ್ತದೆ, ಆದರೆ ಆಗ ಬೇರೊಂದು ತೊಂದರೆ. ಟೈರಿನ ಗೀರುಗಳು ನೀರನ್ನು ಬದಿಗೆ ಹೊರಹಾಕುವ ಕಾಲುವೆಗಳು. ಗೀರು ಸವೆದಿದ್ದರೆ, ವೇಗ ಹೆಚ್ಚಿದ್ದರೆ, ಟೈರು ನೀರಿನ ಪದರದ ಮೇಲೇ ತೇಲತೊಡಗುತ್ತದೆ. ಆಗ ಸ್ಟೇರಿಂಗ್‌ಗೂ ಬ್ರೇಕಿಗೂ ಕೆಲಸವಿಲ್ಲ. ಈಶಾನ್ಯ ಮಾರುತದ ತಿಂಗಳುಗಳಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಬೋಳು ಟೈರಿನಲ್ಲಿ ಬೈಕು ಓಡಿಸುವುದು ಪ್ರಾಣವನ್ನೇ ಪಣಕ್ಕಿಟ್ಟಂತೆ.

ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ. ಸ್ಥಾಯಿ ಹಿಡಿತ ಹೋಗಿ ಕಡಿಮೆ ಬಲದ ಜಾರು ಘರ್ಷಣೆಯಷ್ಟೇ ಉಳಿಯುತ್ತದೆ, ದಿಕ್ಕು ಬದಲಿಸುವುದೂ ಆಗದು. ಎ.ಬಿ.ಎಸ್. ಎಂಬ ವ್ಯವಸ್ಥೆ ಚಕ್ರ ಕಚ್ಚಿಕೊಳ್ಳುವ ಸೂಚನೆ ಸಿಕ್ಕೊಡನೆ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ಭಾರತದಲ್ಲಿ 125 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಗಿದೆ. ಇನ್ನು, ನಿಂತ ವಾಹನದ ವೇಗ ಎಲ್ಲಿ ಹೋಯಿತು? ಶಾಖವಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದ ಆ ಕಾರಿನ ತೂಕ ಒಂದು ಟನ್ ಎಂದಿಟ್ಟುಕೊಂಡರೆ, ಅದು ಒಮ್ಮೆ ನಿಂತಾಗ ಬ್ರೇಕಿನಲ್ಲಿ ಹುಟ್ಟುವ ಶಾಖ ಸುಮಾರು ಅರ್ಧ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಘಾಟಿ ಇಳಿಯುವಾಗ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಬರಬೇಕೆನ್ನುವುದು ಇದಕ್ಕೇ. ಮಿತಿಮೀರಿ ಕಾದ ಬ್ರೇಕಿನ ಹಿಡಿತ ಕುಗ್ಗುತ್ತದೆ.

ರೈಲಿನ ಚಕ್ರ ರಬ್ಬರು ಟೈರಿಗೆ ತದ್ವಿರುದ್ಧ.  ಉಕ್ಕಿನ ಚಕ್ರ ಉಕ್ಕಿನ ಹಳಿಗೆ ತಾಗುವುದು ಸಣ್ಣ ನಾಣ್ಯದಷ್ಟು ಜಾಗದಲ್ಲಿ. ಅಲ್ಲಿ ಚಕ್ರವೂ ಹಳಿಯೂ ಬಹಳ ಕಡಿಮೆ ಬಾಗುವುದರಿಂದ ಉರುಳು ಘರ್ಷಣೆ ಅತಿ ಕಡಿಮೆ. ಒಂದು ಟನ್ ಭಾರವನ್ನು ಸಮತಟ್ಟಾದ ಹಳಿಯ ಮೇಲೆ ನಿಧಾನವಾಗಿ ಉರುಳಿಸಲು ಒಂದೆರಡು ಕಿಲೋ ಭಾರದಷ್ಟು ಬಲ ಸಾಕು, ರಬ್ಬರು ಟೈರಿಗೆ ಹತ್ತಕ್ಕೂ ಮೇಲೆ ಬೇಕು. ಇಷ್ಟು ಕಡಿಮೆ ಇಂಧನದಲ್ಲಿ ಇಷ್ಟು ಭಾರ ಸಾಗಿಸುವ ರೈಲಿನ ಗುಟ್ಟು ಇದು. ಆದರೆ ಅದೇ ನುಣುಪು ಹೊರಡುವಾಗ, ನಿಲ್ಲುವಾಗ ಕಾಡುತ್ತದೆ. ಒದ್ದೆ ಹಳಿಯ ಮೇಲೆ ಎಂಜಿನ್ನಿನ ಚಕ್ರ ನಿಂತಲ್ಲೇ ತಿರುಗದಂತೆ ಚಕ್ರದ ಮುಂದೆ ಮರಳು ಸುರಿಸುವ ಏರ್ಪಾಟು ಎಂಜಿನ್ನಿನಲ್ಲೇ ಇರುತ್ತದೆ. ನಿಲ್ದಾಣ ನಿಲ್ದಾಣಕ್ಕೂ ನಿಂತು ಹೊರಡಬೇಕಾದ ಚೆನ್ನೈನ ಬೀಚ್–ತಾಂಬರಂ ಲೋಕಲ್ ರೈಲಿನಂಥವಕ್ಕೆ ಬೇರೆ ದಾರಿಯಿದೆ. ಮುಂದೆ ಒಂದು ಎಂಜಿನ್ ಕಟ್ಟುವ ಬದಲು ಉದ್ದಕ್ಕೂ ಹಲವು ಬೋಗಿಗಳ ಕೆಳಗೆ ಮೋಟರ್ ಇಟ್ಟರೆ, ಎಳೆಯುವ ಕೆಲಸ ಹೆಚ್ಚು ಚಕ್ರಗಳಿಗೆ ಹಂಚಿಹೋಗಿ ಹಿಡಿತ ಸಿಗುತ್ತದೆ. 1955ರಲ್ಲಿ ಪೆರಂಬೂರಿನಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 2018ರಲ್ಲಿ ಹೊರತಂದ, ಮುಂದೆ ವಂದೇ ಭಾರತ್ ಎಂದು ಹೆಸರಾದ ರೈಲಿನಲ್ಲಿ ಅರ್ಧದಷ್ಟು ಅಚ್ಚುಗಳಿಗೆ ಮೋಟರ್ ಬಲವಿದೆ. 2022ರ ನವೆಂಬರ್‌ನಿಂದ ಚೆನ್ನೈ, ಬೆಂಗಳೂರು, ಮೈಸೂರು ನಡುವೆ ಓಡುತ್ತಿರುವುದು ಇದೇ ಬಗೆಯ ರೈಲು. ಬ್ರೇಕು ಹಾಕಿದಾಗ ಅದರ ಮೋಟರ್‌ಗಳು ಜನರೇಟರ್‌ಗಳಾಗಿ, ಶಾಖವಾಗಿ ಹೋಗಬಹುದಾಗಿದ್ದ ಶಕ್ತಿಯ ಒಂದು ಪಾಲನ್ನು ವಿದ್ಯುತ್ತಾಗಿ ಮರಳಿಸುತ್ತವೆ.

ಬೇಡದ ಕಡೆ ಘರ್ಷಣೆ ತಗ್ಗಿಸಲು ಮನುಷ್ಯ ಕಂಡುಕೊಂಡ ಮುಖ್ಯ ಉಪಾಯ ಎರಡು: ಜಾರುವುದನ್ನು ಉರುಳುವಂತೆ ಮಾಡುವುದು, ಇಲ್ಲವೇ ನಡುವೆ ಜಿಡ್ಡು ಹಾಕುವುದು. ಗುಂಡುಗಳಿರುವ ಬೇರಿಂಗ್ ಮೊದಲನೆಯದು, ಎತ್ತಿನಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಎರಡನೆಯದು. ಎಣ್ಣೆಯ ಪದರ ಎರಡು ಮೈಗಳ ಉಬ್ಬುಗಳನ್ನು ದೂರವಿಡುತ್ತದೆ. 2017ರಲ್ಲಿ ಪ್ರಕಟವಾದ, ಹೋಮ್‌ಬರ್ಗ್ ಮತ್ತು ಎರ್ಡೆಮಿರ್ ಎಂಬ ವಿಜ್ಞಾನಿಗಳ ಅಂದಾಜಿನಂತೆ ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡ 20 ಘರ್ಷಣೆಯನ್ನು ಮೀರುವುದಕ್ಕೇ ಹೋಗುತ್ತದೆ. ಸವೆದ ಭಾಗಗಳನ್ನು ಬದಲಿಸುವ ಖರ್ಚು ಅದಕ್ಕೆ ಹೊರತು.

ಅಡುಗೆಮನೆಯಲ್ಲಿ ಮಾತ್ರ ಘರ್ಷಣೆಯನ್ನು ಕಾಸು ಕೊಟ್ಟು ಕೊಳ್ಳುತ್ತಿದ್ದರು. ಅರೆದು ಅರೆದು ನುಣುಪಾದ ಒರಳುಕಲ್ಲಿನಲ್ಲಿ ಅಕ್ಕಿ ಜಾರುತ್ತದೆ, ಅರೆಯುವುದಿಲ್ಲ. ಅದಕ್ಕೇ ಉಳಿ ಹಿಡಿದು ಬೀದಿ ಸುತ್ತುವವರನ್ನು ಕರೆದು ಕಲ್ಲಿಗೆ ಮತ್ತೆ ಗುಣಿ ಹೊಡೆಸುವ ರೂಢಿ ಮದರಾಸಿನಲ್ಲೂ ಕನ್ನಡನಾಡಿನಲ್ಲೂ ಇತ್ತು. ಇಡ್ಲಿ ಹಿಟ್ಟಿಗೆ ಮಿಕ್ಸಿಗಿಂತ ಗ್ರೈಂಡರ್ ಲೇಸು ಎನ್ನುವುದರ ಹಿಂದೆಯೂ ಘರ್ಷಣೆಯ ಶಾಖವಿದೆ. ವೇಗವಾಗಿ ತಿರುಗುವ ಮಿಕ್ಸಿಯ ಅಲಗು ಹಿಟ್ಟನ್ನು ಬಿಸಿ ಮಾಡುತ್ತದೆ, ನಿಧಾನವಾಗಿ ತಿರುಗುವ ಕಲ್ಲು ಹೆಚ್ಚು ಬಿಸಿಯಾಗಗೊಡುವುದಿಲ್ಲ.

ಸ್ಥಾಯಿ ಹಿಡಿತಕ್ಕೂ ಜಾರುವಿಕೆಗೂ ನಡುವಿನ ವ್ಯತ್ಯಾಸದಿಂದಲೇ ಹುಟ್ಟುವ ಇನ್ನೊಂದು ಸಂಗತಿ ಸಂಗೀತ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿನ ನಾದ ದೊಡ್ಡ ಸಭೆಗೂ ಕೇಳಲೆಂದು ಏಳು ತಂತಿಗಳ ಪಿಟೀಲು ರೂಪಿಸಿದರು.  ಪಿಟೀಲಿನ ಕಮಾನಿನ ಕುದುರೆ ಕೂದಲಿಗೆ ರಾಳ ತಿಕ್ಕುವುದು ಸ್ಥಾಯಿ ಘರ್ಷಣೆ ಹೆಚ್ಚಿಸಲು. ಕೂದಲು ತಂತಿಯನ್ನು ಹಿಡಿದು ಪಕ್ಕಕ್ಕೆ ಎಳೆಯುತ್ತದೆ. ತಂತಿಯ ಬಿಗಿ ಹಿಡಿತವನ್ನು ಮೀರಿದಾಗ ತಂತಿ ಜಾರಿ ಹಿಂದಕ್ಕೆ ಬರುತ್ತದೆ, ಕೂಡಲೇ ಕೂದಲು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿ–ಬಿಡು ಆಟವೇ ಕೇಳುವ ಸ್ವರ. ರಾಳವಿಲ್ಲದ ಕಮಾನು ಸುಮ್ಮನೆ ಜಾರಿಹೋಗುತ್ತದೆ, ನಾದವೇ ಹುಟ್ಟುವುದಿಲ್ಲ. ಬಾಗಿಲ ಕೀಲಿನ ಕಿರ್ರೆಂಬ ಸದ್ದು, ಬಸ್ಸಿನ ಬ್ರೇಕಿನ ಕೀಚಲು ಸದ್ದು ಕೂಡ ಇದೇ ಕ್ರಿಯೆಯಿಂದ ಬರುತ್ತವೆ. ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಸದ್ದು ಅಡಗುತ್ತದೆ. ಬ್ರೇಕಿಗೆ ಎಣ್ಣೆ ತಾಗಿದರೆ ವಾಹನ ನಿಲ್ಲದು. ಹಾಗಾಗಿ ಅಲ್ಲಿ ಪ್ಯಾಡಿನ ಅಂಚನ್ನು ಓರೆಯಾಗಿ ಕತ್ತರಿಸಿ, ಅದರ ಬೆನ್ನಿಗೆ ಕಂಪನ ಹೀರುವ ತೆಳು ಹಾಳೆ ಕೊಟ್ಟು ಸದ್ದನ್ನು ತಗ್ಗಿಸುತ್ತಾರೆ.