ಜಿಮ್ನ್ಯಾಸ್ಟಿಕ್ಸ್ ಕಲಿಯುವ ಮಗು ಮತ್ತು ಪೋಷಕರ ಹೊಣೆ

ಮಕ್ಕಳ ದೇಹ ಮತ್ತು ಮನಸ್ಸುಗಳ ಬೆಳವಣಿಗೆಯಲ್ಲಿ ಕ್ರೀಡೆಯ ಪಾತ್ರ ಮಹತ್ತರವಾದುದು. ಕ್ರೀಡೆಗಳ ಪೈಕಿ ಜಿಮ್ನ್ಯಾಸ್ಟಿಕ್ಸ್‌ಗೆ ಒಂದು ವೈಶಿಷ್ಟ್ಯವಿದೆ. ಇತರ ಅನೇಕ ಆಟಗಳನ್ನು ಹತ್ತು ಹನ್ನೆರಡರ ಪ್ರಾಯದಲ್ಲಿ ಆರಂಭಿಸಿದರೂ ಸಾಕು. ಆದರೆ ಜಿಮ್ನ್ಯಾಸ್ಟಿಕ್ಸ್ ಕಲಿಯುವ ಮಕ್ಕಳು ಸಾಮಾನ್ಯವಾಗಿ ಐದಾರು ವರ್ಷಕ್ಕೇ ಅಭ್ಯಾಸಕ್ಕೆ ಇಳಿಯುತ್ತಾರೆ. ತನ್ನ ದೇಹಕ್ಕೆ ಎಷ್ಟು ಶ್ರಮ ಸಲ್ಲುತ್ತದೆ, ಎಷ್ಟು ಸಲ್ಲದು ಎಂಬುದನ್ನು ತಾನೇ ನಿರ್ಧರಿಸುವ ಶಕ್ತಿ ಆ ವಯಸ್ಸಿನ ಮಗುವಿಗೆ ಇರುವುದಿಲ್ಲ. ಆದುದರಿಂದ ಈ ಕ್ರೀಡೆಯಲ್ಲಿ ಪೋಷಕರ ಹೊಣೆ ಹೆಚ್ಚಿನದು. ಕೌಶಲ ಕಲಿಸುವುದು ತರಬೇತುದಾರರ ಕೆಲಸ; ಮಗುವಿನ ಆರೋಗ್ಯ, ನೆಮ್ಮದಿ ಮತ್ತು ಬಾಲ್ಯವನ್ನು ಕಾಪಾಡುವುದು ಪೋಷಕರ ಕೆಲಸ. ಇವೆರಡೂ ಬೆರೆತಾಗ ತೊಂದರೆಗಳು ತಲೆದೋರುತ್ತವೆ.

ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ನೌಕಾಪಡೆ, ಬ್ಯಾಂಕು, ಬಾಹ್ಯಾಕಾಶ ಸಂಶೋಧನೆ, ಹೋಟೆಲು ಉದ್ಯಮ ಮೊದಲಾದ ಕಾರಣಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಿವೆ. ಅಂತಹ ಕುಟುಂಬದ ಮಗುವೊಂದು ಸ್ಪರ್ಧಾತ್ಮಕ ಜಿಮ್ನ್ಯಾಸ್ಟಿಕ್ಸ್‌ಗೆ ಹೊಸದಾಗಿ ಸೇರಿದಾಗ ಪೋಷಕರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕೇರಳದ ಹಿನ್ನೆಲೆ

ಕೇರಳಕ್ಕೆ ಈ ವಿದ್ಯೆ ಹೊಸದಲ್ಲ. ತಲಶ್ಶೇರಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಕೀಲೇರಿ ಕುಂಞಿಕಣ್ಣನ್ ಅವರು 1901ರಲ್ಲಿ ಸಮೀಪದ ಚಿರಕ್ಕರದಲ್ಲಿ ಸರ್ಕಸ್ ತರಬೇತಿ ಶಾಲೆಯನ್ನು ಸ್ಥಾಪಿಸಿದರು. ಕಳರಿಯ ಮೈವಶ ಮತ್ತು ಪಾಶ್ಚಾತ್ಯ ಅಂಗಸಾಧನೆಗಳೆರಡೂ ಅಲ್ಲಿ ಒಂದಾದವು. ಇಂದು ಭಾರತೀಯ ಕ್ರೀಡಾ ಪ್ರಾಧಿಕಾರವು ತಲಶ್ಶೇರಿಯಲ್ಲಿ ಜಿಮ್ನ್ಯಾಸ್ಟಿಕ್ಸ್ ತರಬೇತಿ ನೀಡುತ್ತಿದೆ. ತಿರುವನಂತಪುರದಲ್ಲಿ ಜಿ. ವಿ. ರಾಜಾ ಕ್ರೀಡಾ ಶಾಲೆಯೂ, 1985ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜೂ ಇವೆ. 35ನೆಯ ರಾಷ್ಟ್ರೀಯ ಕ್ರೀಡಾಕೂಟದ ಜಿಮ್ನ್ಯಾಸ್ಟಿಕ್ಸ್ ಸ್ಪರ್ಧೆಗಳು 2015ರಲ್ಲಿ ಇದೇ ನಗರದಲ್ಲಿ ಜರುಗಿದವು. ಕೊಚ್ಚಿಯಲ್ಲಿ ಕಡವಂತ್ರದ ಪ್ರಾದೇಶಿಕ ಕ್ರೀಡಾ ಕೇಂದ್ರವು ಒಳಾಂಗಣ ಕ್ರೀಡೆಗಳಿಗೆ ಹೆಸರಾಗಿದೆ. ಯಾವ ಕೇಂದ್ರದಲ್ಲಿ ಯಾವ ವಯಸ್ಸಿನವರಿಗೆ ತರಬೇತಿ ದೊರೆಯುತ್ತದೆ ಎಂಬುದನ್ನು ಆಯಾ ಜಿಲ್ಲಾ ಕ್ರೀಡಾ ಮಂಡಳಿಯ ಕಚೇರಿಯಲ್ಲಿ ವಿಚಾರಿಸುವುದು ಉತ್ತಮ.

ಕೇಂದ್ರದ ಆಯ್ಕೆ

ಮಗುವನ್ನು ಸೇರಿಸುವ ಮೊದಲು ಪೋಷಕರು ಒಂದೆರಡು ದಿನ ಕುಳಿತು ಅಭ್ಯಾಸವನ್ನು ನೋಡತಕ್ಕದ್ದು. ನೋಡಲು ಅನುಮತಿ ನೀಡದ ಕೇಂದ್ರದ ಬಗ್ಗೆ ಎಚ್ಚರ ವಹಿಸಬೇಕು. ಕೆಳಗೆ ಹಾಸಿದ ಮೆತ್ತೆಗಳು ದಪ್ಪವಾಗಿವೆಯೇ, ಅವುಗಳ ನಡುವೆ ಸಂದುಗಳಿವೆಯೇ, ಜೂನ್‌ನಿಂದ ಸುರಿಯುವ ಮುಂಗಾರಿನ ತೇವದಲ್ಲಿ ಅವು ಜಾರುತ್ತವೆಯೇ, ಕೈಗೆ ಹಚ್ಚುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಲಭ್ಯವಿದೆಯೇ, ಪ್ರಥಮ ಚಿಕಿತ್ಸೆಯ ಏರ್ಪಾಡು ಇದೆಯೇ ಎಂಬುದನ್ನು ಗಮನಿಸಬೇಕು. ತರಬೇತುದಾರರ ಅರ್ಹತೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ನಮ್ಮ ದೇಶದಲ್ಲಿ ಮಾನ್ಯವಾದ ಅರ್ಹತೆಯಾಗಿದೆ.

ಈ ಕ್ರೀಡೆಯಲ್ಲಿ ತರಬೇತುದಾರರು ಮಗುವನ್ನು ಕೈಯಿಂದ ಹಿಡಿದು, ಎತ್ತಿ, ತಿರುಗಿಸಿ ಕಲಿಸುವುದು ಅನಿವಾರ್ಯ. ಬೀಳದಂತೆ ಹಿಡಿಯುವ ಕೈ ಯಾವುದು, ಅನುಚಿತ ಸ್ಪರ್ಶ ಯಾವುದು ಎಂಬುದನ್ನು ಮಗುವಿಗೆ ಮನೆಯಲ್ಲಿಯೇ ಸರಳವಾಗಿ ತಿಳಿಸಿ ಹೇಳಬೇಕು. ಅಮೆರಿಕದಲ್ಲಿ ರಾಷ್ಟ್ರೀಯ ತಂಡದ ವೈದ್ಯನೊಬ್ಬ ವರ್ಷಗಳ ಕಾಲ ನೂರಾರು ಬಾಲಕಿಯರ ಮೇಲೆ ಚಿಕಿತ್ಸೆಯ ಹೆಸರಿನಲ್ಲಿ ದೌರ್ಜನ್ಯ ಎಸಗಿದ್ದು 2016ರ ನಂತರ ಬೆಳಕಿಗೆ ಬಂದಿತು. ಕೆಲವರು ಮೊದಲೇ ದೂರಿದ್ದರೂ ಹಿರಿಯರು ನಂಬಿರಲಿಲ್ಲ. ನಮ್ಮ ದೇಶದಲ್ಲಿ ಇಂತಹ ಅಪರಾಧಗಳಿಗೆ 2012ರ ಪೋಕ್ಸೊ ಕಾಯಿದೆ ಅನ್ವಯವಾಗುತ್ತದೆ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ಯಾವ ವೇಳೆಯಲ್ಲಾದರೂ ಕರೆ ಮಾಡಬಹುದು.

ಅಂಕಗಳ ಅರ್ಥ

ಬಾಲಕಿಯರು ವಾಲ್ಟ್, ಎತ್ತರ ತಗ್ಗಿನ ಜೋಡಿ ಕಂಬಿಗಳು, ಸಮತೋಲನದ ತೊಲೆ ಹಾಗೂ ನೆಲದ ವ್ಯಾಯಾಮ ಎಂಬ ನಾಲ್ಕು ವಿಭಾಗಗಳಲ್ಲಿ ಸ್ಪರ್ಧಿಸುತ್ತಾರೆ. ಬಾಲಕರಿಗೆ ಆರು ವಿಭಾಗಗಳಿವೆ. ತೊಲೆಯ ಅಗಲ ಕೇವಲ 10 ಸೆಂಟಿಮೀಟರು, ಉದ್ದ 5 ಮೀಟರು. ಅಂತರರಾಷ್ಟ್ರೀಯ ನಿಯಮದಲ್ಲಿ 2006ರಿಂದ ಎರಡು ಬಗೆಯ ಅಂಕಗಳನ್ನು ಕೂಡಿಸಲಾಗುತ್ತದೆ: ಮಾಡಿದ ಕಸರತ್ತಿನ ಕಠಿಣತೆಗೆ ಒಂದು, ಅದನ್ನು ಮಾಡಿದ ಅಚ್ಚುಕಟ್ಟುತನಕ್ಕೆ ಮತ್ತೊಂದು. ಎರಡನೆಯದು 10ರಿಂದ ಆರಂಭವಾಗಿ ಪ್ರತಿ ತಪ್ಪಿಗೂ ಕಡಿಮೆಯಾಗುತ್ತ ಹೋಗುತ್ತದೆ. ಮೊಣಕಾಲು ತುಸು ಬಾಗಿದರೆ 0.1, ಕೆಳಗೆ ಬಿದ್ದರೆ ಪೂರ್ಣ 1 ಅಂಕ ನಷ್ಟವಾಗುತ್ತದೆ.

ಈ ಲೆಕ್ಕ ತಿಳಿದಿದ್ದರೆ ಮೊದಲ ಸ್ಪರ್ಧೆಗಳಲ್ಲಿ ಕಡಿಮೆ ಅಂಕ ಬಂದಾಗ ಪೋಷಕರು ಧೃತಿಗೆಡಬೇಕಾಗಿಲ್ಲ. ಆರಂಭದ ವರ್ಷಗಳಲ್ಲಿ ಸರಳ ಕಸರತ್ತನ್ನು ನೇರವಾಗಿ, ನಿಧಾನವಾಗಿ ಮಾಡಲು ಕಲಿಸುವ ಗುರುವೇ ಉತ್ತಮ ಗುರು. ಅಂಕದ ಆಸೆಗೆ ಕಠಿಣ ಪಲ್ಟಿಗಳನ್ನು ಬೇಗನೆ ಕಲಿಸುವಂತೆ ಪೋಷಕರು ಒತ್ತಾಯಿಸುವುದು ಅಪಾಯಕಾರಿ. ಮಹಿಳೆಯರು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಲು ಆ ವರ್ಷ ಕನಿಷ್ಠ 16 ತುಂಬಬೇಕೆಂಬ ನಿಯಮ 1997ರಿಂದ ಜಾರಿಯಲ್ಲಿದೆ. ಎಂಟು ವರ್ಷದ ಮಗುವಿಗೆ ಅವಸರವೇನೂ ಇಲ್ಲ.

ನೋವು ಮತ್ತು ಭಯ

ಅಭ್ಯಾಸದ ಮರುದಿನ ಮೈಕೈ ನೋಯುವುದು ಸಹಜ; ಅದು ಎರಡು ಮೂರು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಒಂದೇ ಜಾಗದಲ್ಲಿ, ಪ್ರತಿದಿನವೂ, ಅದೇ ಕಸರತ್ತಿನ ವೇಳೆ ಕಾಣಿಸುವ ನೋವು ಬೇರೆಯದು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಮೃದುವಾದ ಪದರವಿರುತ್ತದೆ. ಕೈಗಳ ಮೇಲೆ ಭಾರ ಹೊರುವ ಈ ಕ್ರೀಡೆಯಲ್ಲಿ ಮಣಿಕಟ್ಟಿನ ಆ ಪದರ ಪೆಟ್ಟು ತಿನ್ನುವ ಸಂಭವ ಹೆಚ್ಚು. ಹಿಂದಕ್ಕೆ ಬಾಗಿದಾಗ ಸೊಂಟದಲ್ಲಿ ಉಂಟಾಗಿ ಕೆಲವು ವಾರ ಉಳಿಯುವ ನೋವು ಬೆನ್ನುಮೂಳೆಯ ಸಣ್ಣ ಬಿರುಕಿನ ಸೂಚನೆಯಾಗಿರಬಹುದು. ಇಂತಹ ಸಂದರ್ಭಗಳಲ್ಲಿ ಎಣ್ಣೆ ತಿಕ್ಕಿಸಿ ಮತ್ತೆ ಅಭ್ಯಾಸಕ್ಕೆ ಕಳುಹಿಸದೆ ಮೂಳೆ ತಜ್ಞರಿಗೆ ತೋರಿಸಬೇಕು. ವಾರದ ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರದಿರಲಿ, ವಾರಕ್ಕೆ ಒಂದೆರಡು ದಿನ ಪೂರ್ಣ ವಿಶ್ರಾಂತಿ ಇರಲಿ ಎಂಬುದು ಕ್ರೀಡಾ ವೈದ್ಯರ ಸಲಹೆ.

ಭಯದ ವಿಷಯವೂ ಹೀಗೆಯೇ. ನಿನ್ನೆ ಮಾಡಿದ ಪಲ್ಟಿಯನ್ನು ಇಂದು ಮಾಡಲು ಮಗು ಹಿಂಜರಿಯಬಹುದು. ಅದು ಸೋಮಾರಿತನವಲ್ಲ. ವಿಶ್ವವಿಖ್ಯಾತ ಜಿಮ್ನ್ಯಾಸ್ಟ್ ಸಿಮೋನ್ ಬೈಲ್ಸ್ ಅವರು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ತಿರುಗುವಾಗ ದಿಕ್ಕಿನ ಅರಿವು ತಪ್ಪುತ್ತಿದೆಯೆಂದು ತಂಡದ ಅಂತಿಮ ಸ್ಪರ್ಧೆಯ ನಡುವೆ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸಿನಲ್ಲಿ ಮೂರು ಚಿನ್ನದ ಪದಕ ಗಳಿಸಿದರು. ಹಿಂದೆ ಸರಿದದ್ದರಿಂದ ಅವರ ಕೀರ್ತಿ ಕುಂದಲಿಲ್ಲ.

ಮಲಯಾಳದಲ್ಲಿ ಪಾಠ ನಡೆಯುವ ಕೇಂದ್ರಕ್ಕೆ ಹೋಗುವ ಕನ್ನಡದ ಮಗುವಿಗೆ ಪೋಷಕರು ಮೊದಲು ಎರಡು ಪದಗಳನ್ನು ಕಲಿಸಬೇಕು. ಒಂದು ‘ವೇದನ’, ಅಂದರೆ ನೋವು. ನಮ್ಮ ವೇದನೆಯೇ ಅದು. ಇನ್ನೊಂದು ‘ಪೇಡಿ’, ಅಂದರೆ ಭಯ. ಕನ್ನಡದಲ್ಲಿ ಇದರ ಬಳಗದ ‘ಹೇಡಿ’ ಎಂಬುದು ಬೈಗುಳವಾಗಿದೆ. ಮಲಯಾಳದಲ್ಲಿ ಮಾತ್ರ ಪೇಡಿ ಎಂದರೆ ಕೇವಲ ಭಯ. ನೋವಾದಾಗ, ಹೆದರಿಕೆಯಾದಾಗ ಈ ಮಾತುಗಳನ್ನು ಗಟ್ಟಿಯಾಗಿ ಹೇಳಬಹುದೆಂಬ ಧೈರ್ಯವನ್ನು ಮಗುವಿಗೆ ಕೊಡಬೇಕು. ಹೇಳಿದ ಮಗುವನ್ನು ಹೇಡಿಯೆಂದು ಹಂಗಿಸಬಾರದು.

ಆಹಾರ ಮತ್ತು ನಿದ್ರೆ

ತೂಕ ಕಡಿಮೆಯಿದ್ದರೆ ಹಾರುವುದು ಸುಲಭವೆಂಬ ಭಾವನೆಯಿಂದ ಮಕ್ಕಳ ಊಟವನ್ನು ಕಡಿತಗೊಳಿಸುವುದು ಘೋರ ತಪ್ಪು. ಹಸಿದ ದೇಹದಲ್ಲಿ ಮೂಳೆ ಬಲಗೊಳ್ಳದು. ಬಾಲಕಿಯರು ಋತುಮತಿಯರಾಗುವುದು ವಿಳಂಬವಾಗಬಹುದು. ರಾಗಿ, ಹಾಲು, ಮೊಟ್ಟೆ, ಕಾಳುಗಳು, ಸೊಪ್ಪು ಹಾಗೂ ಕೇರಳದಲ್ಲಿ ಧಾರಾಳವಾಗಿ ದೊರೆಯುವ ಮೀನು, ಪುಟ್ಟು ಕಡಲೆ, ನೇಂದ್ರ ಬಾಳೆ ಇವು ಉತ್ತಮ ಆಹಾರ. ಶಾಲೆ ಬಿಟ್ಟು ನೇರವಾಗಿ ಅಭ್ಯಾಸಕ್ಕೆ ಹೋಗುವ ಮಗುವಿಗೆ ಬುತ್ತಿ ಇರಲೇಬೇಕು. ಒಂಬತ್ತು ಗಂಟೆಗಳ ನಿದ್ರೆಗೆ ಕುಂದು ಬರುವಂತಹ ವೇಳಾಪಟ್ಟಿ ಸಲ್ಲದು. ಮಗುವಿನ ಎದುರಿನಲ್ಲಿ ಅದರ ತೂಕದ ಬಗ್ಗೆ ಯಾರೂ ಟೀಕೆ ಮಾಡಬಾರದು.

ಸ್ಪರ್ಧೆಯ ದಿನ

ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರು. ಸ್ಪರ್ಧೆಯ ಮುಂಜಾನೆಯೇ ಪ್ರಯಾಣ ಮಾಡಿಸುವುದಕ್ಕಿಂತ ಹಿಂದಿನ ದಿನ ತಲುಪಿ ವಿಶ್ರಾಂತಿ ಕೊಡುವುದು ಲೇಸು. ಗ್ಯಾಲರಿಯಲ್ಲಿ ಕುಳಿತು ಕೂಗಿ ಸೂಚನೆ ಕೊಡುವುದು, ಇತರ ಮಕ್ಕಳ ಅಂಕದೊಡನೆ ಹೋಲಿಸುವುದು ಸಲ್ಲದು. ಹಿಂದಿರುಗುವ ರೈಲಿನಲ್ಲಿ ತಪ್ಪುಗಳ ವಿಮರ್ಶೆ ಬೇಡ. ಹಸಿವಾಗಿದೆಯೇ ಎಂದು ಕೇಳಿದರೆ ಸಾಕು. ಕಿರಿಯರ ವಿಭಾಗದಲ್ಲಿ ಗೆಲ್ಲಿಸುವ ಸಲುವಾಗಿ ಜನ್ಮ ದಿನಾಂಕವನ್ನು ಬದಲಿಸುವ ಆಮಿಷಕ್ಕೂ ಒಳಗಾಗಬಾರದು. ವಯಸ್ಸಿನ ವಂಚನೆಯ ವಿರುದ್ಧ 2010ರಲ್ಲಿಯೇ ರಾಷ್ಟ್ರೀಯ ಸಂಹಿತೆ ರೂಪುಗೊಂಡಿದ್ದು, ಸಿಕ್ಕಿಬಿದ್ದಾಗ ಶಿಕ್ಷೆ ಅನುಭವಿಸುವುದು ಮಗುವೇ.

ತಾಳ್ಮೆಯ ಫಲ

ಅಗರ್ತಲದ ದೀಪಾ ಕರ್ಮಾಕರ್ ಆರರ ಪ್ರಾಯದಲ್ಲಿ ಅಭ್ಯಾಸ ಆರಂಭಿಸಿದಾಗ ಅವರ ಪಾದಗಳು ಚಪ್ಪಟೆಯಾಗಿದ್ದವು. ಈ ಕ್ರೀಡೆಗೆ ಅದೊಂದು ದೊಡ್ಡ ಕೊರತೆ. ವರ್ಷಗಳ ನಿಧಾನವಾದ ಸಾಧನೆಯಿಂದ ಅವರು ಅದನ್ನು ಮೀರಿದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಭಾರತದ ಮೊದಲ ಮಹಿಳಾ ಜಿಮ್ನ್ಯಾಸ್ಟ್ ಎನಿಸಿ, ವಾಲ್ಟ್‌ನಲ್ಲಿ 15.066 ಅಂಕ ಗಳಿಸಿ ಕೇವಲ 0.150 ಅಂಕದಿಂದ ಕಂಚಿನ ಪದಕ ತಪ್ಪಿಸಿಕೊಂಡರು. ಅಭ್ಯಾಸದ ಮೊದಲ ದಿನಕ್ಕೂ ರಿಯೊಗೂ ನಡುವೆ ಸುಮಾರು ಹದಿನೇಳು ವರ್ಷಗಳಿದ್ದವು.

ಎಲ್ಲ ಮಕ್ಕಳೂ ಅಷ್ಟು ದೂರ ಸಾಗುವುದಿಲ್ಲ; ಸಾಗಬೇಕಾಗಿಯೂ ಇಲ್ಲ. ಕೆಲವರು ಎರಡು ಮೂರು ವರ್ಷಗಳಲ್ಲಿ ಬೇರೆ ಆಟಕ್ಕೆ, ನೃತ್ಯಕ್ಕೆ ಅಥವಾ ಓದಿಗೆ ತಿರುಗಬಹುದು. ಸಾಕು ಎಂದು ಮಗು ಹೇಳಿದಾಗ, ಕಟ್ಟಿದ ಶುಲ್ಕದ ಮತ್ತು ಕಳೆದ ಸಂಜೆಗಳ ಲೆಕ್ಕವನ್ನು ಅದರ ಮುಂದೆ ಇಡಬಾರದು. ಬೀಳುವುದನ್ನು, ಎದ್ದು ನಿಲ್ಲುವುದನ್ನು, ಹತ್ತು ಸೆಂಟಿಮೀಟರಿನ ತೊಲೆಯ ಮೇಲೆ ಮನಸ್ಸನ್ನು ನಿಲ್ಲಿಸುವುದನ್ನು ಅದು ಕಲಿತಿರುತ್ತದೆ. ಮುರಿಯದ ದೇಹ ಮತ್ತು ಕುಗ್ಗದ ಮನಸ್ಸಿನೊಡನೆ ಮಗು ಮನೆಗೆ ಮರಳುವಂತೆ ನೋಡಿಕೊಳ್ಳುವುದೇ ಪೋಷಕರ ಮೊದಲ ಕರ್ತವ್ಯ.